ಮೊದಲ ಒದೆ

ಎರಡನೇ ಜಡೆಗೆ ಕೂದಲು ಹಿಂದಕ್ಕೆಳೆದಾಗ ಮಗಳು "ಸ್ಸ್" ಎಂದಳು. ಅಮ್ಮ ಬಾಚಣಿಗೆ ಕೆಳಗಿಟ್ಟು ಅಂಗಿಯ ಕೊರಳು ಸರಿಸಿ ನೋಡಿದಳು. ಬಲಭುಜ ನೇರಳೆಗಟ್ಟಿ ಊದಿಕೊಂಡಿತ್ತು.

"ಏನೇ ಇದು?"

"ಏನಿಲ್ಲಮ್ಮ. ನಿನ್ನೆ ಬಂದೂಕು ಒದೀತು. ನಾನೇ ಸರಿಯಾಗಿ ಹಿಡೀಲಿಲ್ಲ. ನಂಗೆ ಅದೆಲ್ಲ ಬರಲ್ಲ ಬಿಡು."

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುರುಗುಟ್ಟಿತು. ಅಮ್ಮ ಓಡಿಹೋಗಿ ಒಲೆ ಆರಿಸಿ, ಬರುವಾಗ ಪೊರಕೆ ಹಿಡಿದು ಬಂದಳು. ಅಪ್ಪ, ದೊಡ್ಡಪ್ಪನ ಜೊತೆ ಬೇಟೆಗೆ ಹೋಗಬೇಕೆಂದು ವರ್ಷವಿಡೀ ಗೋಗರೆದ ಹುಡುಗಿ, ನಿನ್ನೆ ಗುರಿ ಅಭ್ಯಾಸ ಮುಗಿಸಿ ಬಂದವಳೇ ಗೋಡೆಯತ್ತ ಮುಖ ಮಾಡಿ ಮಲಗಿದ್ದಳು.

"ಹೇಗೆ ಹಿಡಿದಿದ್ದೆ, ತೋರಿಸು."

ಮಗಳು ಪೊರಕೆಯ ಹಿಡಿಯನ್ನು ಭುಜಕ್ಕೆ ತಾಗಿಸದೆ, ಗೇಣು ದೂರದಲ್ಲಿ ಬೆರಳ ತುದಿಗಳಲ್ಲಿ ಹಿಡಿದಳು. "ಭುಜಕ್ಕೆ ತಾಗಿದ್ರೆ ನೋವಾಗುತ್ತೆ, ಕೂಸು ಎತ್ಕೊಂಡ ಹಾಗೆ ಹಗುರವಾಗಿ ಹಿಡಿ ಅಂದ್ರು ದೊಡ್ಡಪ್ಪ."

ಅಮ್ಮನ ಕಿವಿ ಬಿಸಿಯಾಯಿತು. ಭುಜಕ್ಕೆ ಒತ್ತಿ, ಮೈ ಮುಂದಕ್ಕೆ ವಾಲಿಸಿ ಹಿಡಿದರೆ ಬಂದೂಕು ಬರೀ ತಳ್ಳುತ್ತದೆ. ಸಡಿಲ ಬಿಟ್ಟರೆ ಗುದ್ದುತ್ತದೆ. ಈ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತು. ಹೊಸಬರಿಗೆ ಬೇಕೆಂದೇ ಉಲ್ಟಾ ಹೇಳಿಕೊಟ್ಟು, ಅವರು ಮುಗ್ಗರಿಸಿದಾಗ ಹೊಟ್ಟೆ ಹಿಡಿದು ನಗುವುದು ಗಂಡಸರ ಆಟ. ಅದಕ್ಕೆ 'ಮೊದಲ ಒದೆ' ಎಂಬ ಹೆಸರು ಬೇರೆ. ಮಗುವಿಗೂ ಹಾಗೆ ಮಾಡುತ್ತಾರೆಂದು ಅವಳು ಎಣಿಸಿರಲಿಲ್ಲ.

ಹೊರಜಗಲಿಯಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರೂ ಎಣ್ಣೆಬಟ್ಟೆಯಿಂದ ಬಂದೂಕು ಒರೆಸುತ್ತಿದ್ದರು. ಅಮ್ಮ ಅರ್ಧ ಜಡೆಯ ಮಗಳನ್ನು ಎದುರಿಗೆ ತಂದು ನಿಲ್ಲಿಸಿದಳು.

"ಭಾವ, ಮಗೂಗೆ ಏನು ಹೇಳಿಕೊಟ್ರಿ ನೀವು?"

"ಓಹೋ, ಪುಟ್ಟಿ ಚಾಡಿ ಹೇಳಿದ್ಲಾ?" ಭಾವ ನಕ್ಕ. "ಬಂದೂಕಿನ ಕುದುರೆ ಎಳೆದ್ರೆ ಅದು ಒದೀದೆ ಮುತ್ತು ಕೊಡುತ್ತೇನಮ್ಮ? ನಾವೆಲ್ಲ ತಿಂದೇ ಕಲಿತದ್ದು."

"ನೀವು ತಿಂದ್ರಿ ಅಂತ ಇವಳಿಗೂ ತಿನ್ನಿಸಬೇಕಾ? ಪೆಟ್ಟು ಚೂರು ಮೇಲೆ ಬಿದ್ದಿದ್ರೆ ದವಡೆ ಮುರೀತಿತ್ತು."

"ಅಯ್ಯೋ, ಒಂದು ತಮಾಷೆಗೆ ಇಷ್ಟು ರಂಪಾನಾ?"

"ತಮಾಷೆಯಾಗಿದ್ರೆ ಇವಳೂ ನಗಬೇಕಿತ್ತು. ತನಗೇ ಬರಲ್ಲ ಅಂತ ಕೂತಿದೆ ಮಗು. ನೀವು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ್ದಕ್ಕೆ!"

ಭಾವ ಮೀಸೆ ತೀಡಿಕೊಂಡ. ಗಂಡ ತಲೆ ಎತ್ತದೆ ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. "ಆಯ್ತು ಬಿಡೇ. ಎಣ್ಣೆ ಹಚ್ಚಿದ್ರೆ ಹೋಗುತ್ತೆ."

ಮಗಳು ಅಮ್ಮನ ಕೈ ಬಿಡಿಸಿಕೊಂಡು ಜಗಲಿಯ ಅಂಚಿಗೆ ಹೋದಳು. ಅವಳು ದೊಡ್ಡಪ್ಪನನ್ನು ನೋಡುತ್ತಿರಲಿಲ್ಲ.

"ಅಪ್ಪಾ."

ಎಣ್ಣೆಬಟ್ಟೆ ನಿಂತಿತು.

"ಹೊಡೆಯೋ ಮುಂಚೆ, ಹೀಗೆ ಹಿಡಿದ್ರೆ ಸರೀನಾ ಅಂತ ನಿನ್ನನ್ನ ಕೇಳಿದ್ನಲ್ಲ, ನೀನು ಹೂಂ ಅಂದೆ. ನಿಂಗೂ ಗೊತ್ತಿತ್ತಾ?"