ಒಡ್ಡಿನ ಕಂಡಿಯಲ್ಲಿ ಕುಂತ ಹಂಪಣ್ಣ

ನಮ್ಮ ಯಜಮಾನರಾದ ಹಂಪಣ್ಣನವರಿಗೆ ಗೋಧಿ ಕಪ್ಪು ಹಸಿರಾಗಿ ಕಾಣದಿದ್ದರೆ ನಿದ್ದೆ ಬರುವುದಿಲ್ಲ. ಶಹಾಪುರದ ಕಡೆ, ಕಾಲುವೆಯ ಬಾಯಿಗೇ ನಮ್ಮ ಹೊಲ. ತೆನೆ ಹೊರಬಿದ್ದ ಮೇಲೂ ಯೂರಿಯಾ ಚೆಲ್ಲಿ, ನಮ್ಮ ಪಾಳಿಯಲ್ಲಿ ಮಡಿ ತುಂಬ ನೀರು ಕಟ್ಟಿದರು.

"ಬ್ಯಾಡ್ರಿ, ದಂಟ ಮೆತ್ತಗಾಗಿ ಗೋಧಿ ಬಿದ್ದ ಹೋಗ್ತದ" ಎಂದೆ.

"ನಿನಗೇನ್ ತಿಳೀತದ?" ಎಂದರು. ಮಣ್ಣು ತಿನ್ನಲಿ ಎಂದು ಮನೆಗೆ ನಡೆದೆ.

ಕೆಳಗಿನ ಹೊಲ ಚಮನಬೀಯದು. ತಡವಾಗಿ ಬಿತ್ತಿದ ಅವಳ ಗೋಧಿ ಇನ್ನೂ ಗೇಣುದ್ದ. ನಾಳೆ ನೀರಿನ ಪಾಳಿ ಎಂದರೆ ಇವತ್ತೇ ಗೊಬ್ಬರ ಚೆಲ್ಲುವುದು ನಮ್ಮಲ್ಲಿಯ ರೂಢಿ. ಅವಳೂ ಚೆಲ್ಲಿದಳು. ಮರುದಿನ ನೀರೇ ಬರಲಿಲ್ಲ, ಮೇಲೆ ಎಲ್ಲೋ ಕಾಲುವೆ ಒಡೆದಿತ್ತಂತೆ. ಒಣ ನೆಲದ ಮೇಲೆ ಬಿದ್ದ ಯೂರಿಯಾಕ್ಕೆ ಪೈರಿನ ತುದಿ ಸುಡತೊಡಗಿತು.

ಚಮನಬೀ ಓಡಿ ಬಂದಳು. "ಗುರುದೇವಕ್ಕ, ನಿಮ್ಮ ಮಡ್ಯಾಗ ನಿಂತ ನೀರರ ಬಿಡ್ರಿ. ವರ್ಷದ ಕೂಳ ಸುಡಾಕತ್ತದ!"

ನಾನು ಸಲಿಕೆ ಹಿಡಿದು ಒಡ್ಡು ಕಡಿದೆ. ಅಷ್ಟರಲ್ಲಿ ಇವರು ಬಂದು, ಧೋತರ ಕೆಸರಾದರೂ ಲೆಕ್ಕಿಸದೆ, ಆ ಕಂಡಿಯಲ್ಲೇ ಕುಂತುಬಿಟ್ಟರು.

"ನೀರಿನ ಕೂಡ ನನ್ನ ಯೂರಿಯಾನೂ ಹೋಗ್ತದ! ಹನೀನೂ ಬಿಡಂಗಿಲ್ಲ."

"ಏಳ್ರಿ! ನಮಗ ಹೆಚ್ಚಾಗಿದ್ದು ಆಕಿಗೆ ಜೀವ ಅದ!" ಎಂದು ಕಿರುಚಿದೆ.

"ಅಣ್ಣಾ, ನಿಮ್ಮ ಕಾಲ ಬೀಳ್ತೀನಿ" ಎಂದಳು ಚಮನಬೀ. ಅವರು ಮುಖ ತಿರುಗಿಸಿದರು. ಇಂಥವರನ್ನು ಕಟ್ಟಿಕೊಂಡ ನನ್ನ ನಸೀಬನ್ನು ಬೈಯುತ್ತ, ಸಿಟ್ಟು ತಾಳದೆ ಅತ್ತೆ.

ಮಧ್ಯಾಹ್ನವಾದರೂ ಏಳಲಿಲ್ಲ ಪುಣ್ಯಾತ್ಮ. ಆಗ ಮೂಡಗಾಳಿ ಎದ್ದಿತು. ಬುಡದ ಮಣ್ಣು ಅಂಬಲಿಯಾಗಿತ್ತು, ದಂಟು ಮೆತ್ತಗೆ, ತೆನೆ ಭಾರ. ನೋಡನೋಡುತ್ತಲೇ ಒಂದು ಮೂಲೆಯಿಂದ ಗೋಧಿ ಮಲಗತೊಡಗಿತು.

"ಅಯ್ಯೋ ಶರಣಬಸವಾ!" ಎಂದು ಕೂಗಿದೆ. ಅವರು ಹೊರಳಿ ನೋಡುವಷ್ಟರಲ್ಲಿ ಅರ್ಧ ಹೊಲ ನೆಲ ಕಚ್ಚಿತ್ತು.

ಏಳಲು ಹೋದರೆ, ಅಷ್ಟು ಹೊತ್ತು ಕೆಸರಿನಲ್ಲಿ ಕುಂತು ಜೋಮು ಹಿಡಿದ ಕಾಲು ಮೇಲೇಳಲಿಲ್ಲ. ನಾನೂ ಚಮನಬೀಯೂ ಒಂದೊಂದು ರಟ್ಟೆ ಹಿಡಿದು ಎಬ್ಬಿಸಿದೆವು. ನೀರು ಅವಳ ಹೊಲಕ್ಕೆ ನುಗ್ಗಿತು. ಅವಳು ಅತ್ತ ನೋಡಲಿಲ್ಲ. ಬಿದ್ದ ನಮ್ಮ ಗೋಧಿಯೊಳಗೆ ಇಳಿದು, ಒಂದು ಹಿಡಿ ದಂಟು ಎತ್ತಿ ನಿಲ್ಲಿಸಿ ಕೈ ಬಿಟ್ಟಳು. ಅದು ಮತ್ತೆ ಬಿತ್ತು.

"ಏಳಂಗಿಲ್ಲಕ್ಕ" ಎಂದು ಅತ್ತಳು.