ಲೈಸೆನ್ಸಿನ ಮೇಲಿನ ತೂಕ

ನನ್ನ ತೂಕ ಇನ್ನೂರ ಹದಿನೈದು ಪೌಂಡ್. ನಾನು ಹೇಳುವ ಮಾತಲ್ಲ, ನನ್ನ ಡ್ರೈವಿಂಗ್ ಲೈಸೆನ್ಸ್ ಹೇಳುತ್ತಿತ್ತು. ನಮ್ಮ ನೆಬ್ರಾಸ್ಕಾದಲ್ಲಿ ಲೈಸೆನ್ಸಿನ ಮೇಲೆ ಕಣ್ಣಿನ ಬಣ್ಣ, ಎತ್ತರ, ತೂಕ ಎಲ್ಲವೂ ಇರುತ್ತದೆ. ಮೂವತ್ತರಲ್ಲಿ ಬರೆಸಿದ ತೂಕವನ್ನು ಐವತ್ತಾರರಲ್ಲಿ ತಿದ್ದಿಸುವ ಗಂಡಸನ್ನು ನಾನು ಕಂಡಿಲ್ಲ. ನಾನಂತೂ ಬೇಕರಿಯವನು. ಗಸಗಸೆ ತುಂಬಿದ ಕೊಲಾಚಿ ಬನ್ನು ಮಾಡಿ ಮಾರುತ್ತೇನೆ. ತನ್ನ ಬನ್ನನ್ನು ತಾನೇ ತಿನ್ನದವನನ್ನು ಯಾವ ಗಿರಾಕಿ ನಂಬುತ್ತಾನೆ, ಹೇಳಿ?

ನನ್ನ ಹೆಂಡತಿ ಡಾರ್ಲೀನ್ ಅಂಚೆಯವಳು. ಇಪ್ಪತ್ತಾರು ವರ್ಷದಿಂದ ಮಣ್ಣು ರಸ್ತೆಗಳಲ್ಲಿ ಹೊಲದ ಮನೆಗಳಿಗೆ ಟಪಾಲು ಹಂಚುತ್ತಿದ್ದಾಳೆ. ತೂಗದೆ ಒಂದು ಪಾರ್ಸೆಲ್ಲನ್ನೂ ಕೈಯಿಂದ ಬಿಟ್ಟವಳಲ್ಲ. ಐವತ್ತೆರಡು ತುಂಬಿದ ವಾರ, ಊಟ ಮಾಡುತ್ತ ಇದ್ದಕ್ಕಿದ್ದಂತೆ, "ನಾನು ವಿಮಾನ ಓಡಿಸೋದು ಕಲೀತೀನಿ" ಅಂದಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಎಂಟು ವರ್ಷ ಮೊದಲೇ ಬಂತಲ್ಲೇ!"

"ಇಷ್ಟು ವರ್ಷ ಆ ರಸ್ತೆಗಳ ಧೂಳು ಕುಡಿದಿದೀನಿ. ಒಂದು ಸಲ ಮೇಲಿಂದ ನೋಡ್ಬೇಕು. ನೀನು ಸುಮ್ನೆ ಊಟ ಮಾಡು."

ಮಾಡಿದೆ. ಅವಳು ಕಲಿತೂಬಿಟ್ಟಳು. ಕಲಿಸಿದವನು ಲಾಯ್ಡ್ ವಾವ್ರಾ, ಎಪ್ಪತ್ತೆಂಟರ ಮುದುಕ. ಊರಾಚೆಯ ಹುಲ್ಲಿನ ರನ್‌ವೇ, ಅದರ ಪಕ್ಕದ ತಗಡಿನ ಶೆಡ್ಡು, ಎರಡೂ ಅವನವೇ. ನಮ್ಮಲ್ಲಿ ಮೊದಲ ಸಲ ಒಬ್ಬರೇ ಹಾರಿ ಇಳಿದವರ ಅಂಗಿಯ ಬೆನ್ನಿನ ಬಟ್ಟೆಯನ್ನು ಗುರು ಕತ್ತರಿಸಿ, ಹೆಸರು, ತಾರೀಕು ಬರೆದು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕುತ್ತಾನೆ. ಆ ದಿನ ಡಾರ್ಲೀನ್ ಒಳ್ಳೆಯದಾಗಲಿ ಅಂತ ನನ್ನ ಅಂಗಿ ತೊಟ್ಟು ಹೋಗಿದ್ದಳು. ಲಾಯ್ಡ್ ಕತ್ತರಿಸಿದ, ಕತ್ತರಿಸಿದ, ಬಟ್ಟೆ ಮುಗಿಯಲೇ ಇಲ್ಲ.

"ಇದೇನಮ್ಮಾ, ಅಂಗಿಯೋ ಡೇರೆಯೋ?" ಅಂದ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಆಮೇಲೆ ಸ್ವಂತ ವಿಮಾನದ ಹುಚ್ಚು ಹಿಡಿಯಿತು. ಎರಡು ಸಿಕ್ಕವು. ಒಂದು ನಾಲ್ಕು ಸೀಟಿನದು. ಇನ್ನೂ ಮೂರು ಜನರ ಜೊತೆ ಪಾಲಿಗೆ ತೆಗೆದುಕೊಳ್ಳಬೇಕು, ತಿಂಗಳಿಗೊಂದು ಭಾನುವಾರ ಇವಳ ಪಾಳಿ. ಇನ್ನೊಂದು ಎರಡು ಸೀಟಿನ ನೀಲಿ ಬಣ್ಣದ ಪುಟಾಣಿ, ಪೂರ್ತಿ ಇವಳದೇ ಆಗುವಂಥದು. ಅದರ ರೆಕ್ಕೆ ಸವರುತ್ತ ನಿಂತಾಗ ಅವಳ ಮುಖ ನೋಡಬೇಕಿತ್ತು. ಮದುವೆಯ ದಿನ ನನ್ನನ್ನೂ ಹಾಗೆ ನೋಡಿರಲಿಲ್ಲ! ಹೊಟ್ಟೆ ಉರಿಯಿತು.

ಆದರೆ ಆ ಪುಟಾಣಿ ಹೊರುವುದು ಒಟ್ಟು ಐನೂರು ಪೌಂಡ್. ಇಬ್ಬರು ಮನುಷ್ಯರು, ಪೆಟ್ರೋಲು, ಎಲ್ಲ ಸೇರಿ. ಅದಕ್ಕಿಂತ ಹೆಚ್ಚು ಹೇರುವಂತಿಲ್ಲ. ಡಾರ್ಲೀನ್ ಲಾಯ್ಡನ ಎದುರಿಗೇ ತೂಕದ ಲೆಕ್ಕದ ಕಾಗದ ಬಿಡಿಸಿ, "ಎಲ್ಡನ್, ನಿನ್ನ ತೂಕ ಎಷ್ಟು?" ಅಂದಳು.

"ಇನ್ನೂರ ಹದಿನೈದು."

ಬಾಯಿಂದ ತಾನಾಗಿ ಬಂತು. ನಾಚಿಕೆಯಿತ್ತು, ನಿಜ. ಅದಕ್ಕಿಂತ ಭಯ ಜಾಸ್ತಿಯಿತ್ತು. ವರ್ಷದಿಂದ ಅವಳು ಗಾಳಿ, ಮೋಡ ಅಂತ ನನಗರ್ಥವಾಗದ ಮಾತಾಡುತ್ತಿದ್ದಳು. ನಿಜ ಹೇಳಿದರೆ ಆ ಲೆಕ್ಕದಿಂದ ಮೊದಲು ಕಳೆಯುವುದು ನನ್ನನ್ನೇ ಅನ್ನಿಸಿತು.

ಅವಳದು ನೂರೈವತ್ತು. ತುಂಬಿದ ಟ್ಯಾಂಕಿನ ಪೆಟ್ರೋಲು ನೂರ ಮೂವತ್ತೈದು. ಕೂಡಿಸಿದರೆ ಸರಿಯಾಗಿ ಐನೂರು!

"ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೋ!" ಅಂತ ನನ್ನ ಕೆನ್ನೆ ಹಿಂಡಿದಳು. "ಬ್ಲ್ಯಾಕ್ ಹಿಲ್ಸ್‌ಗೆ, ಆ ಬೆಟ್ಟದೂರಲ್ಲಿರೋ ನನ್ನ ತಂಗಿ ಮನೆಗೆ, ಎಲ್ಲೂ ಇಳೀದೆ ಒಂದೇ ಹಾರಾಟ. ಶನಿವಾರ ಸಹಿ ಹಾಕ್ತೀನಿ, ಮಧ್ಯಾಹ್ನವೇ ಹೊರಡೋಣ."

ನಾಲ್ಕು ದಿನ ನನ್ನ ಬನ್ನೇ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಶನಿವಾರ ಬಂತು. ಆಗಸ್ಟಿನ ಬಿಸಿಲು ಸುಡುತ್ತಿತ್ತು. ಲಾಯ್ಡ್ ನನ್ನನ್ನು ಗೋಡೆಯ ಹತ್ತಿರ ಕರೆದು ಆ ಅಂಗಿಯ ತುಂಡನ್ನು ತೋರಿಸಿದ.

"ಏನಯ್ಯಾ, ಇದನ್ನ ತೊಡೋನು ಇನ್ನೂರ ಹದಿನೈದಾ?"

"ಒಗೆದು ಒಗೆದು ಹಿಗ್ಗಿದೆ."

"ಒಗೆದ್ರೆ ಬಟ್ಟೆ ಕುಗ್ಗುತ್ತೆ ಕಣಯ್ಯಾ." ಆಮೇಲೆ ದನಿ ತಗ್ಗಿಸಿದ. "ಈ ಸೆಕೇಲಿ ಗಾಳಿ ತೆಳುವಾಗಿರುತ್ತೆ, ವಿಮಾನ ಬೇಗ ಏಳಲ್ಲ. ನನ್ನ ರನ್‌ವೇ ಗಿಡ್ಡ, ತುದೀಲಿ ಮರಗಳಿವೆ. ಆ ಮರಗಳು ನಿನ್ನ ಲೈಸೆನ್ಸ್ ನೋಡಲ್ಲ. ನಾನಾಗಿ ಹೇಳಿದ್ರೆ ನಿನ್ನ ಮಾನ ಹೋಗುತ್ತೆ. ನೀನೇ ಹೇಳು."

ಖರೀದಿ ಪತ್ರಕ್ಕೆ ಸಹಿ ಹಾಕಲು ಡಾರ್ಲೀನ್ ಪೆನ್ನು ಕೈಯಲ್ಲಿ ಹಿಡಿದಿದ್ದಳು. ಹೇಳಿದರೆ ಅವಳ ಕನಸು ಹೋಗುತ್ತದೆ, ಇಲ್ಲವೇ ಆ ಲೆಕ್ಕದಿಂದ ನಾನು ಹೋಗುತ್ತೇನೆ. ಹೇಳದಿದ್ದರೆ ಇಬ್ಬರೂ ಹೋಗುತ್ತೇವೆ. ಮೂಲೆಯಲ್ಲಿ ಬೀಜದ ಚೀಲ ತೂಗುವ, ನೆಲದ ಮೇಲಿಡುವ ಹಳೆಯ ತಕ್ಕಡಿಯಿತ್ತು. ಹೋಗಿ ಅದರ ಮೇಲೆ ನಿಂತೆ.

"ಡಾರ್ಲೀನ್, ಬಂದು ನೋಡು."

ಬಂದು ನೋಡಿದಳು. ಇನ್ನೂರ ಅರವತ್ತೆರಡು. ಅವಳ ಮುಖ ಬಿಳಿಚಿಕೊಂಡಿತು.

"ಮೂವತ್ತು ವರ್ಷದಲ್ಲಿ ನಂಗೆ ಒಂದೇ ಒಂದು ಸುಳ್ಳು ಹೇಳಿದೀಯ. ಅದೂ ಇಬ್ರನ್ನೂ ಸಾಯಿಸೋವಂಥದ್ದು! ಜನ ನಗ್ತಾರೆ ಅಂತ ಹೆದರಿದ್ಯಾ?"

"ನೀನು ಬಿಟ್ಟು ಹೋಗ್ತೀಯ ಅಂತ ಹೆದರಿದೆ."

ಅವಳು ಲೆಕ್ಕದ ಕಾಗದ ತೆಗೆದುಕೊಂಡು ಆ ನೀಲಿ ರೆಕ್ಕೆಯ ಕೆಳಗೆ ಹೋಗಿ ನಿಂತಳು. ನಾನು ಇನ್ನೂ ತಕ್ಕಡಿಯ ಮೇಲೇ ಇದ್ದೆ. "ನೀನೊಬ್ಳೇ ಹಾರು, ನಾನು ಹಿಂದಿಂದ ಕಾರಲ್ಲಿ ಬರ್ತೀನಿ" ಅಂತ ಕೂಗಿದೆ. ತಿರುಗಿಯೂ ನೋಡಲಿಲ್ಲ. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಸ್ವಲ್ಪ ಹೊತ್ತಿನ ಮೇಲೆ ಬಂದು ಕಾಗದವನ್ನು ನನ್ನ ಎದೆಗೆ ಒತ್ತಿದಳು. ನನ್ನ ಹೆಸರಿನ ಮುಂದೆ ಹಳೆಯ ಅಂಕಿ ಹೊಡೆದು ಹಾಕಿ ಇನ್ನೂರ ಅರವತ್ತೆರಡು ಅಂತ ಬರೆದಿತ್ತು. ಅವಳದು ಹಾಗೇ ಇತ್ತು. ಪೆಟ್ರೋಲಿನ ನೂರ ಮೂವತ್ತೈದನ್ನು ಹೊಡೆದು ಎಂಬತ್ತೆಂಟು ಮಾಡಿದ್ದಳು. ಒಟ್ಟು ಐನೂರು.

"ಟ್ಯಾಂಕ್ ತುಂಬಿಸಲ್ಲ. ಅರ್ಧ ದಾರೀಲಿ ಒಂದು ಕಡೆ ಇಳಿದು ಪೆಟ್ರೋಲು ಹಾಕಿಸ್ಕೊಳ್ಳೋಣ. ಇವತ್ತು ಬೇಡ, ಮುಂದಿನ ಶನಿವಾರ ಬೆಳಗಿನ ತಂಪಲ್ಲೇ ಹೊರಡೋಣ" ಅಂದಳು.

"ಎಲ್ಲೂ ಇಳೀಬಾರ್ದು ಅಂತ ನಿಂಗೆ ಆಸೆ ಇತ್ತಲ್ಲೇ."

"ಇತ್ತು." ಮೂಗು ಒರೆಸಿಕೊಂಡು ಖರೀದಿ ಪತ್ರಕ್ಕೆ ಸಹಿ ಹಾಕಿದಳು. "ಇಳಿದ ಕಡೆ ನಿಂಗೆ ತಿಂಡಿ ಇಲ್ಲ, ನೆನಪಿರ್ಲಿ. ಮತ್ತೆ ತೂಗ್ತೀನಿ."

ಸೋಮವಾರ ಬೇಕರಿಯ ಬಾಗಿಲು ಹಾಕಿ ಲೈಸೆನ್ಸ್ ಕಚೇರಿಗೆ ಹೋದೆ. ತೂಕ ತಿದ್ದಿಸಬೇಕು ಅಂದಾಗ ಕಿಟಕಿಯಲ್ಲಿದ್ದ ಹೆಂಗಸು ಕನ್ನಡಕ ತೆಗೆದು ನೋಡಿದಳು.

"ಹತ್ತೊಂಬತ್ತು ವರ್ಷದಿಂದ ಇಲ್ಲಿ ಕೂತಿದೀನಿ. ಹೆಚ್ಚಿಸಿ ಬರ್ಕೊಳ್ಳಿ ಅಂತ ಬಂದ ಗಂಡಸು ನೀವೇ ಮೊದಲು. ಏನಾಯ್ತು?"

"ನನ್ನ ಹೆಂಡ್ತಿ ವಿಮಾನ ಓಡಿಸ್ತಾಳೆ" ಅಂದೆ. "ಪಕ್ಕದ ಸೀಟು ನಂದು."