ಹದಿನೇಳನೇ ನಂಬರಿನ ಟ್ರೇ

ಉಷಾರಾಣಿಯ ಕೆಲಸ ನೋಡುವುದು. ಹೊಸೂರಿನ ಒಂದು ಕಾರ್ಖಾನೆಯಲ್ಲಿ, ಭೂತಗನ್ನಡಿ ಕಟ್ಟಿದ ದೀಪದ ಕೆಳಗೆ ಕೂತು, ಕಡಲೆಕಾಳಿನಷ್ಟು ಸಣ್ಣ ಹಲ್ಲುಚಕ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡುವುದು. ಗೀರು ಬಿದ್ದಿದ್ದರೆ, ಹಲ್ಲು ಮುಕ್ಕಾಗಿದ್ದರೆ, ಕೆಂಪು ಮಾರ್ಕರಿನಿಂದ ಚುಕ್ಕೆ ಇಟ್ಟು ಕೆಂಪು ಡಬ್ಬಕ್ಕೆ ಹಾಕುವುದು. ಸರಿ ಇದ್ದವು ಅವಳ ಟ್ರೇಗೆ. ಟ್ರೇಯ ಮೇಲೆ ಅವಳ ನಂಬರು, ಹದಿನೇಳು. ಅವಳ ಕಣ್ಣು ತಪ್ಪಿಸಿ ಒಂದು ಮುಕ್ಕು ಚಕ್ರ ಹೊರಗೆ ಹೋದರೂ ಆ ಟ್ರೇ ಎಲ್ಲಿಂದಲೋ ವಾಪಸು ಬರುತ್ತದೆ. ಆಗ ಲೈನಿನವರೆಲ್ಲರ ಮುಂದೆ "ಹದಿನೇಳು ಯಾರಮ್ಮಾ?" ಎಂದು ಕೂಗುತ್ತಾರೆ.

ಕಂಪನಿ ವ್ಯಾನಿನಿಂದ ಮೂಕಂಡಪಲ್ಲಿಯಲ್ಲಿಳಿದು, ಮನೆಯ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರೆ ಸಾಕು, ಮೈ ಕುಸಿಯುವಷ್ಟು ದಣಿದಿದ್ದರೂ ಕಣ್ಣು ಮಾತ್ರ ತನ್ನ ಪಾಡಿಗೆ ಇನ್ನೊಂದು ಶಿಫ್ಟು ಶುರು ಮಾಡುತ್ತಿತ್ತು. ತೊಳೆದ ಲೋಟದಲ್ಲಿ ಸೋಪಿನ ಕಲೆ. ಒಗೆದ ಯೂನಿಫಾರ್ಮಿನ ಕಾಲರಿನಲ್ಲಿ ಕೊಳೆ. ಮಗಳು ಜಯಂತಿಯ ಬೈತಲೆ ಸೊಟ್ಟ.

"ಹತ್ತನೇ ಕ್ಲಾಸ್ ಮುಗಿಸಿದ್ರೂ ನೆಟ್ಟಗೆ ತಲೆ ಬಾಚ್ಕಳಾಕೆ ಬರಾಕಿಲ್ವೇನೇ?"

ಆ ಸಂಜೆ ಜಯಂತಿ ಎದುರು ಮಾತಾಡಲಿಲ್ಲ. ಅಮ್ಮನ ಬ್ಯಾಗಿಗೆ ಕೈಹಾಕಿ ಮಾರ್ಕರು ತೆಗೆದು, ತನ್ನ ಮುಂಗೈ ಮೇಲೆ ದಪ್ಪಗೆ ಒಂದು ಚುಕ್ಕೆ ಇಟ್ಟುಕೊಂಡಳು.

"ತಗೋ. ರಿಜೆಕ್ಟು. ಡಬ್ಬಕ್ಕೆ ಹಾಕ್ಬುಡು."

"ಅಯ್ಯೋ, ಅದು ತಿಕ್ಕಿದ್ರೂ ಹೋಗಲ್ಲ ಕಣೇ—"

"ನೋಡ್ದಾ, ಅದ್ರಾಗೂ ಒಂದ್ ತಪ್ಪು! ನಾನು ತಳಿ ಊರಿಗೆ ಹೋಗ್ಬುಡ್ತೀನಿ. ಅಜ್ಜಿ ಮನೆಯಾಗೇ ಇದ್ದು ಓದ್ಕೋತೀನಿ."

ಉಷಾರಾಣಿ ಗಂಡನ ಕಡೆ ತಿರುಗಿದಳು. ಚಲಪತಿ ರಾತ್ರಿ ಪಾಳಿಗೆ ಶೂ ಹಾಕಿಕೊಳ್ಳುತ್ತಿದ್ದವನು ತಲೆ ಎತ್ತಲಿಲ್ಲ. "ನಂಗೆ ಮೊದ್ಲೇ ಹೇಳಿದ್ಲು ಕಣೇ. ಅವ್ವ ಭಾನುವಾರ ಬಂದು ಕರ್ಕೊಂಡು ಹೋಗ್ತಾಳೆ."

ಅಂದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇಷ್ಟು ನೋಡುವ ಅವಳ ಕಣ್ಣಿಗೆ ಅದೊಂದು ಕಂಡಿರಲಿಲ್ಲ.

ಗುರುವಾರ ಸಂಜೆ ಅವಳು ಸೆಲ್ವಿಯ ಜೊತೆ ಧ್ಯಾನಕ್ಕೆ ಹೋದಳು. ಸೆಲ್ವಿ ಲೈನಿನಲ್ಲಿ ಪಕ್ಕದ ಸೀಟಿನವಳು. ನಿದ್ದೆಯಾದರೂ ಬರಲಿ ಅಂತ ತಿಂಗಳ ಹಿಂದೆ ಅವಳೇ ಎಳೆದುಕೊಂಡು ಹೋಗಿ ಸೇರಿಸಿದ್ದಳು. ಟೈಲರ್ ಅಂಗಡಿಯ ಮೇಲಿನ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ, ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು. ಹೇಳಿಕೊಡುವವರು ರಿಟೈರಾದ ಫಿಟ್ಟರ್ ಮುನಿಕೃಷ್ಣಪ್ಪ. ಮನೆಯ ಕತೆಯನ್ನೆಲ್ಲ ಸೆಲ್ವಿ ಅವರಿಗೆ ಮೊದಲೇ ಹೇಳಿದ್ದಳು.

"ನಂಗೆ ಆಗ್ತಿಲ್ಲ ಸಾರ್," ಎಂದಳು ಉಷಾರಾಣಿ. "ಒಂದುಸಿರು ನೆಟ್ಟಗೆ ಬಂದ್ರೆ ಇನ್ನೊಂದು ಗಿಡ್ಡ ಆಗೋಗ್ತೈತೆ. ಎಡಮೂಗು ಕಟ್ಟೈತೆ. ಮುಕ್ಕಾಲು ಪಾಲು ಸರಿಯಾಗೇ ಇಲ್ಲ."

ಸೆಲ್ವಿ ಕಣ್ಣು ಮುಚ್ಚಿಕೊಂಡೇ ಕಿಸಕ್ಕೆಂದಳು. "ಐಯೋ ಅಕ್ಕಾ, ಉಸಿರಿಗೂ ಕೆಂಪು ಡಬ್ಬ ಇಟ್ಟಿದೀಯಾ?"

ಮುನಿಕೃಷ್ಣಪ್ಪನವರಿಗೂ ನಗು ಬಂತು. "ಉಸಿರನ್ನ ರಿಪೇರಿ ಮಾಡು ಅಂತ ಬುದ್ಧ ಹೇಳಿಲ್ಲ ತಾಯಿ. ಗಿಡ್ಡ ಬಂದ್ರೆ ಗಿಡ್ಡ ಅಂತ ತಿಳ್ಕೋ. ಉದ್ದ ಬಂದ್ರೆ ಉದ್ದ ಅಂತ ತಿಳ್ಕೋ."

"ತಿಳ್ಕೊಂಡು?"

"ತಿಳ್ಕೊಂಡು ಏನೂ ಇಲ್ಲ. ತಪ್ಪು ಕಣ್ಣಿಗೆ ಬಿತ್ತು, ಬಾಯಿ ತೆಗೀಬೇಕು ಅನ್ನಿಸ್ತು. ಅವೆರಡರ ಸಂದಿನಾಗೆ ಎದೆ ಒಳಗೆ ಏನೋ ಆಗ್ತೈತಲ್ಲ, ಅದನ್ನ ನೋಡು. ನಾವು ಅದನ್ನ ದಾಟ್ಕೊಂಡು ಓಡ್ಬುಡ್ತೀವಿ."

"ನೋಡಿದ್ರೆ ಮಗಳು ಉಳ್ಕೋತಾಳಾ ಸಾರ್?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ಅದು ನಂಗೊತ್ತಿಲ್ಲಮ್ಮಾ. ನನ್ನ ಮಗ ನನ್ನ ಜೊತೆ ಮಾತು ಬಿಟ್ಟು ವರ್ಷ ಆಯ್ತು."

ಶುಕ್ರವಾರ, ಶನಿವಾರ ಅವಳು ತುಟಿ ಬಿಗಿಹಿಡಿದು ಓಡಾಡಿದಳು. ಹರಡಿದ ಬಟ್ಟೆ ಕಂಡರೂ ಮಾತಿಲ್ಲ, ಆರಿಸದ ದೀಪ ಕಂಡರೂ ಮಾತಿಲ್ಲ. ಕಡೆಗೆ ಜಯಂತಿಯೇ ಹೇಳಿದಳು: "ಬಾಯಿ ಮುಚ್ಕೊಂಡ್ರೂ ನಿನ್ ಕಣ್ಣು ಬೈತಾನೇ ಐತಮ್ಮಾ. ಅದಕ್ಕಿಂತ ಬಾಯಾಗೇ ಬೈದ್ಬುಡು."

ಭಾನುವಾರ ಬೆಳಿಗ್ಗೆ ಅತ್ತೆ ಸಾಕಮ್ಮ ಮೊದಲ ಬಸ್ಸಿಗೇ ಬಂದಿಳಿದಳು, ಚೀಲದ ತುಂಬ ಹುರುಳಿಕಾಯಿ. ಹೊರಡುವ ಮುಂಚೆ ಎಲ್ಲರಿಗೂ ಅಂತ ಜಯಂತಿ ಚಿತ್ರಾನ್ನ ಮಾಡಿದ್ದಳು. ತಟ್ಟೆ ಕೊಡುವಾಗ ಅವಳ ಮುಂಗೈ ಮೇಲಿನ ಚುಕ್ಕೆ ಮಾಸಿ ಗುಲಾಬಿಯಾಗಿದ್ದು ಕಂಡಿತು.

ಉಷಾರಾಣಿ ಒಂದು ತುತ್ತು ಬಾಯಿಗಿಟ್ಟಳು. ಉಪ್ಪಿಲ್ಲ.

ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅವಳು ಆಡಲೂ ಇಲ್ಲ, ಅದುಮಲೂ ಇಲ್ಲ. ಅದಕ್ಕೆಲ್ಲ ಶಕ್ತಿಯೂ ಉಳಿದಿರಲಿಲ್ಲ. ಸುಮ್ಮನೆ ನೋಡಿದಳು. ಎದೆಯಲ್ಲಿ ಏನೋ ಹಿಂಡುತ್ತಿತ್ತು. ಇಷ್ಟು ದಿನ ಅದನ್ನು ಸಿಟ್ಟು ಎಂದುಕೊಂಡಿದ್ದಳು. ಈಗ ನೋಡಿದರೆ ಸಿಟ್ಟಲ್ಲ, ಬರೀ ಹೆದರಿಕೆ. ಈ ಹುಡುಗಿ ನಾಳೆ ಹೊರಗೆ ಹೋಗುತ್ತಾಳೆ, ಯಾರೋ ಅವಳಲ್ಲೊಂದು ಮುಕ್ಕು ಕಂಡುಹಿಡಿಯುತ್ತಾರೆ, ಟ್ರೇ ವಾಪಸು ಬರುತ್ತದೆ, ಊರೆಲ್ಲ ಕೇಳುವ ಹಾಗೆ "ಹದಿನೇಳು ಯಾರಮ್ಮಾ?" ಎನ್ನುತ್ತಾರೆ.

ಅಷ್ಟರಲ್ಲಿ ಸಾಕಮ್ಮ ಬಾಯಿ ಬಿಟ್ಟಳು. "ಏನಮ್ಮೀ, ಉಪ್ಪು ತಳಿಗೋದ್ಮೇಲೆ ಹಾಕ್ತೀಯಾ?"

ಜಯಂತಿ ನಾಲಿಗೆ ಕಚ್ಚಿಕೊಂಡು ಪಕಪಕ ನಕ್ಕಳು. "ಅಯ್ಯಯ್ಯೋ, ಮರ್ತೇ ಹೋದೆ ಅಜ್ಜೀ!"

ಅದೇ ತಪ್ಪು, ಹೆಚ್ಚು ಕಡಿಮೆ ಅದೇ ಮಾತು. ಆದರೆ ಹುಡುಗಿ ನಗುತ್ತಿದ್ದಳು. ಉಷಾರಾಣಿ ಆ ನಗುವನ್ನೇ ನೋಡುತ್ತ ಕೂತಳು.

ಜಯಂತಿಯ ನಗು ನಿಂತಿತು. "ನಿಂಗೆ ಗೊತ್ತಾಗ್ಲಿಲ್ವಾ ಅಮ್ಮಾ?"

"ಗೊತ್ತಾಯ್ತು."

"ಮತ್ತೆ?"

"ನಂಗೆ ಹೆದ್ರಿಕೆ ಕಣೇ. ನಿನ್ನಾಗೆ ಏನಾದ್ರೂ ತಪ್ಪಿದ್ರೆ ಎಲ್ರೂ ನನ್ನ ನಂಬರು ನೋಡ್ತಾರೆ ಅಂತ. ನಿನ್ನ ನೋಡ್ತಿರ್ಲಿಲ್ಲ ನಾನು. ಟ್ರೇ ನೋಡ್ತಿದ್ದೆ."

ಸಾಕಮ್ಮ ಉಪ್ಪಿನ ಡಬ್ಬಿ ಹುಡುಕಲು ಎದ್ದಳು. ಜಯಂತಿ ಮುಂಗೈಯ ಚುಕ್ಕೆಯನ್ನು ಹೆಬ್ಬೆರಳಲ್ಲಿ ತಿಕ್ಕುತ್ತ ನಿಂತಿದ್ದಳು. ಊರಿಗೆ ಹೊರಡಲು ತುಂಬಿಟ್ಟ ಬ್ಯಾಗು ಮಾತ್ರ ಬಾಗಿಲ ಹತ್ತಿರವೇ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ "ಹೋಗ್ಬ್ಯಾಡ ಕಣೇ" ಎನ್ನುವುದು ಎರಡು ಸಲ ಗಂಟಲಿಗೆ ಬಂತು. ಅದು ಬಂದದ್ದೂ ತಿಳಿಯಿತು, ಹಿಂದೆ ಸರಿದದ್ದೂ ತಿಳಿಯಿತು. ಮಗಳ ದುಪಟ್ಟಾ ಒಂದು ಕಡೆ ನೆಲ ಮುಟ್ಟುತ್ತಿತ್ತು.

"ದುಪಟ್ಟಾ ಎತ್ಕೋ, ಬಾಗ್ಲಾಗೆ ಸಿಕ್ಕಾಕ್ಕೊಂಡೀತು," ಎಂದಳು.

ಜಯಂತಿ ತಟ್ಟನೆ ಅಮ್ಮನ ಮುಖ ನೋಡಿದಳು. ಅಲ್ಲಿ ಹಳೆಯ ಬೈಗುಳ ಕಾಣಲಿಲ್ಲವೇನೋ, ಸುಮ್ಮನೆ ಎತ್ತಿಕೊಂಡಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ರಜಾ ಸಿಕ್ದಾಗ ಬಾಮ್ಮಾ! ಮಾರ್ಕರು ಮನೆಯಾಗೇ ಬಿಟ್ಟು ಬಾ!"

ಮನೆಗೆ ಬಂದಾಗ ಚಲಪತಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಸಿಂಕಿನಲ್ಲಿ ನಾಲ್ಕಾರು ಪಾತ್ರೆ, ಒಲೆಯ ಮೇಲೆ ಅರಿಶಿನದ ಕಲೆ, ನೆಲದ ಮೇಲೆ ಹುರುಳಿಕಾಯಿಯ ನಾರು. ಎಲ್ಲವೂ ಕಂಡವು. ಉಷಾರಾಣಿ ಅವುಗಳ ನಡುವೆಯೇ ಗೋಡೆಗೊರಗಿ ಕೂತಳು. ಉಸಿರು ಗಿಡ್ಡವಾಗಿತ್ತು.

ಆಮೇಲೆ ಉಳಿದ ಚಿತ್ರಾನ್ನಕ್ಕೆ ಚಿಟಿಕೆ ಉಪ್ಪು ಉದುರಿಸಿಕೊಂಡು ಊಟ ಮಾಡಿದಳು.